‘ತಗೊಬೇಕಿತ್ತು’: ರಾಹುಲ್ ಹರಾಜು ಚರ್ಚೆಯ ವ್ಯಾಕರಣ ಕುರಿತು ಒಂದು ವಿಮರ್ಶೆ

2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ಐಪಿಎಲ್ ಮಹಾ ಹರಾಜಿಗೆ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ 83 ಕೋಟಿ ರೂಪಾಯಿ ಇಟ್ಟುಕೊಂಡು ಹೋಗಿತ್ತು. ಕೆ.ಎಲ್. ರಾಹುಲ್ ಅವರ ಹೆಸರು ಬಂದಾಗ ತಂಡ ಹರಾಜು ಕೂಗಿತು, ಬೆಲೆ ಏರಿದಂತೆ ಹಿಂದೆ ಸರಿಯಿತು. ಕೊನೆಗೆ 14 ಕೋಟಿಗೆ ಅವರು ಡೆಲ್ಲಿ ಕ್ಯಾಪಿಟಲ್ಸ್ ತಂಡಕ್ಕೆ ಹೋದರು. ಬೆಂಗಳೂರಿನಲ್ಲಿ ಹುಟ್ಟಿ ಸುರತ್ಕಲ್ಲಿನಲ್ಲಿ ಬೆಳೆದು ಕರ್ನಾಟಕಕ್ಕೆ ಆಡುವ ಒಬ್ಬ ಪ್ರತಿಭಾವಂತ ಬ್ಯಾಟರ್‌ನನ್ನು ಬೆಂಗಳೂರಿನ ತಂಡ ಕೊಳ್ಳಬೇಕಿತ್ತೇ, ಬೇಡವೇ ಎಂಬ ವಾದ ಅಂದು ಆರಂಭವಾಗಿ ಮರುವರ್ಷದ ಜೂನ್‌ವರೆಗೂ ನಡೆಯಿತು. ಆ ವಾದದಲ್ಲಿ ಯಾರು ಸರಿ ಎಂದು ತೀರ್ಮಾನಿಸುವುದು ಈ ಬರಹದ ಉದ್ದೇಶವಲ್ಲ. ವಾದ ಯಾವ ವ್ಯಾಕರಣದಲ್ಲಿ ನಡೆಯಿತು, ಆ ವ್ಯಾಕರಣವನ್ನು ನಾವು ಹೇಗೆ ತಪ್ಪಾಗಿ ಓದುತ್ತ ಬಂದಿದ್ದೇವೆ ಎಂಬುದಷ್ಟೇ ಇಲ್ಲಿನ ವಿಷಯ.

ಇಂಥ ಮಾತುಗಳ ಬಗ್ಗೆ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಅಭಿಮಾನಿಯ ಕನ್ನಡವೆಂದರೆ ಇಂಗ್ಲಿಷ್ ಪದಗಳಿಗೆ ಕನ್ನಡದ ಬಾಲ ಅಂಟಿಸಿದ್ದು, ಅದರಲ್ಲಿ ಅಧ್ಯಯನಕ್ಕೆ ಯೋಗ್ಯವಾದುದು ಬೆರಕೆಯೊಂದೇ ಎಂಬುದು ಒಂದು. ಎರಡನೆಯದು ಪತ್ರಿಕೆಗಳ ಕ್ರೀಡಾಪುಟಗಳು ಪೋಷಿಸಿಕೊಂಡು ಬಂದದ್ದು: ರಾಹುಲ್ ಬೇಕೆನ್ನುವವರದು ಭಾವನೆ, ಬೇಡವೆನ್ನುವವರದು ಲೆಕ್ಕಾಚಾರ. ಎರಡೂ ನಾಮಪದಗಳ ಮೇಲೆ ಕಣ್ಣಿಟ್ಟು ಹುಟ್ಟಿದವು. ‘ಸ್ಟ್ರೈಕ್ ರೇಟ್’, ‘ಕೀಪರ್’, ‘ಪರ್ಸ್’ ಎಂಬ ಪದಗಳು ಕಿವಿಗೆ ಬಿದ್ದೊಡನೆ ಮೊದಲ ಅಭಿಪ್ರಾಯ ಸಿದ್ಧವಾಗುತ್ತದೆ. ‘ನಮ್ಮ ಹುಡುಗ’ ಎಂಬ ಮಾತು ಬಿದ್ದೊಡನೆ ಎರಡನೆಯದು. ಎಸ್.ಎನ್. ಶ್ರೀಧರ್ ಅವರು ಕನ್ನಡದ ನುಡಿಬೆರಕೆ ಯಾವ ಯಾವ ಕೆಲಸ ಮಾಡುತ್ತದೆ ಎಂದು 1978ರಲ್ಲೇ ಕೇಳಿದ್ದರು. ಆ ಪ್ರಶ್ನೆಯನ್ನು ನಾವು ಎಣಿಕೆಗೆ ಇಳಿಸಿದ್ದೇವೆ. ವಿಭಕ್ತಿ, ಸಹಾಯಕ ಕ್ರಿಯಾಪದ, ಅವಧಾರಣೆಯ ‘ಏ’ ಇವು ವಾದದ ಭಾರ ಹೊರುತ್ತವೆ ಎಂಬುದು ಎಣಿಕೆಯಲ್ಲಿ ಕಾಣುವುದಿಲ್ಲ.

ಸಾಮಗ್ರಿಯ ಬಗ್ಗೆ ಒಂದು ಮಾತು. ಕೆಳಗಿನ ಉದಾಹರಣೆಗಳು ಯಾವ ವ್ಯಕ್ತಿಯ ಮಾತಿನ ಯಥಾಲೇಖವೂ ಅಲ್ಲ. ಈ ಮೂರು ವಲಯಗಳ ಕನ್ನಡದಲ್ಲಿ ಸಹಜವೆನಿಸುವ ರೂಪಗಳನ್ನು ರಚಿಸಿ, ಒಪ್ಪಿತ–ಒಪ್ಪದ ಎಂದು ವಿಂಗಡಿಸಿದ್ದೇನೆ. ಪೀಣ್ಯದ ಕಾರ್ಖಾನೆಗಳಲ್ಲಿ ಉತ್ತರ ಕರ್ನಾಟಕದ ಕನ್ನಡಕ್ಕೂ ತುಮಕೂರು ದಿಕ್ಕಿನ ಕನ್ನಡಕ್ಕೂ ದಿನವೂ ಮುಖಾಮುಖಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ತಮಿಳು, ತೆಲುಗು, ಹಿಂದಿ ಮನೆಮಾತಿನವರ ನಡುವೆ ಕನ್ನಡ ನಡೆಯಬೇಕು. ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಅದು ಊಟದ ಮೇಜಿನ, ಕ್ಯಾಬ್ ಚಾಲಕನ, ಭದ್ರತಾ ಸಿಬ್ಬಂದಿಯ ಭಾಷೆ. ಕ್ರಿಕೆಟ್ ಇವೆಲ್ಲವನ್ನೂ ಒಂದು ವಾಕ್ಯದೊಳಗೆ ತರುತ್ತದೆ. ಹೀಗಾಗಿ ‘ರಾಹುಲ್‌ನ ತಗೊಬೇಕಿತ್ತು’ ಎಂಬ ಪುಟ್ಟ ವಾಕ್ಯ ಇಲ್ಲಿ ಬಹಳ ಜನರ ಬಾಯಲ್ಲಿ ಬಹಳ ಬಗೆಯ ಅರ್ಥ ಪಡೆಯುತ್ತದೆ.

‘ಹರಾಜು’ ಎಂಬ ಪದದ ಮೂಲ ಅರಬ್ಬಿ. ಪಾರಸಿ, ಉರ್ದುಗಳ ದಾರಿಯಲ್ಲಿ ನಮ್ಮಲ್ಲಿಗೆ ಬಂದದ್ದು. ರಾಹುಲ್ ಬೆಳೆದ ಕರಾವಳಿಯಲ್ಲಿ ಅದಕ್ಕೆ ಪೋರ್ಚುಗೀಸ್ ಮೂಲದ ‘ಏಲಂ’ ಎಂಬ ಪದವೂ ಬಳಕೆಯಲ್ಲಿದೆ. ಬೆಂಗಳೂರಿನ ತಂಡವೊಂದು ಆಟಗಾರರನ್ನು ಕೊಳ್ಳಲು ಜೆಡ್ಡಾಕ್ಕೆ ಹೋದಾಗ ಪದ ತನ್ನ ತವರಿಗೆ ಮರಳಿದಂತಾಯಿತು. ವ್ಯುತ್ಪತ್ತಿಯ ಕುತೂಹಲ ಅಷ್ಟಕ್ಕೇ ಸಾಕು. ಮುಖ್ಯವಾದುದು ಆ ಪದದ ಸುತ್ತ ಸೇರುವ ಕ್ರಿಯಾಪದಗಳು.

ಆಟಗಾರನೊಬ್ಬ ತನ್ನ ಬೆಲೆಗೆ ತಕ್ಕವನೇ ಎಂದು ಕೇಳಲು ಕನ್ನಡದಲ್ಲಿ ಹಳೆಯ ಕ್ರಿಯಾಪದವೊಂದಿದೆ: ಬಾಳು. ಬದುಕುವುದೂ ಬೆಲೆಯುಳ್ಳದ್ದಾಗಿರುವುದೂ ಒಂದೇ ಧಾತುವಿನ ಕೆಲಸ. ‘ಬೆಲೆಬಾಳುವ’ ಎಂಬ ಸಮಾಸದಲ್ಲಿ ನಾವು ಅದನ್ನು ಗಮನಿಸದೆ ಬಳಸುತ್ತೇವೆ. ಮನುಷ್ಯನೇ ಕರ್ತೃವಾದಾಗ ಅದು ಎದ್ದು ಕೇಳುತ್ತದೆ.

(1) ಅವನು ಹದಿನಾಲ್ಕು ಕೋಟಿ ಬಾಳ್ತಾನಾ?
(2) ಅವನು ಹದಿನಾಲ್ಕು ಕೋಟಿಗೆ ಹೋದ.
(3) ಹದಿನಾಲ್ಕು ಕೋಟಿಗೆ ಅವನು ವರ್ತ್ ಅಲ್ಲ.

(1)ರಲ್ಲಿ ಮೊತ್ತಕ್ಕೆ ಯಾವ ವಿಭಕ್ತಿಯೂ ಇಲ್ಲ. ‘ಎರಡು ಕೆ.ಜಿ. ತೂಗುತ್ತದೆ’ ಎಂಬಲ್ಲಿನಂತೆ ಅದು ಅಳತೆಯ ಪದ. ಮೌಲ್ಯ ಕರ್ತೃವಿನಲ್ಲೇ ಇರುವ ಗುಣವೆಂಬ ಭಾವ. (2)ರಲ್ಲಿ ಚತುರ್ಥಿ ಬಂದಿದೆ. ಮೊತ್ತ ಹೊರಗಿನಿಂದ ಬಂದ ವಿನಿಮಯದ ಬೆಲೆ. ನನಗೆ ಹೆಚ್ಚು ಕುತೂಹಲಕರವಾಗಿ ತೋರುವುದು (3). ಇಂಗ್ಲಿಷಿನ ‘ವರ್ತ್’ ತನ್ನ ಭಾಷೆಯಲ್ಲಿ ಮೊತ್ತವನ್ನು ನೇರವಾಗಿ, ಯಾವ ಸಂಬಂಧಸೂಚಕವೂ ಇಲ್ಲದೆ ಹಿಂದೆ ಕರೆದುಕೊಳ್ಳುತ್ತದೆ. ಆ ದೃಷ್ಟಿಯಿಂದ ಅದು ನಮ್ಮ ‘ಬಾಳು’ವಿಗೆ ಹತ್ತಿರ. ಕನ್ನಡದೊಳಗೆ ಬಂದ ‘ವರ್ತ್’ ಮಾತ್ರ ಆ ಹತ್ತಿರದ ದಾರಿಯನ್ನು ಬಿಟ್ಟು ‘ಕೋಟಿಗೆ’ ಎಂಬ ಚತುರ್ಥಿಯನ್ನು ಬೇಡುತ್ತದೆ. ಅಷ್ಟೇ ಅಲ್ಲ, ನಿಷೇಧಿಸುವಾಗ ಭಾಷಿಕ ‘ಅಲ್ಲ’ ಎನ್ನಬೇಕೋ ‘ಇಲ್ಲ’ ಎನ್ನಬೇಕೋ ಆರಿಸಿಕೊಳ್ಳಬೇಕು. ‘ವರ್ತ್ ಅಲ್ಲ’ ಎಂದರೆ ಅವನು ಅಂಥವನಲ್ಲ. ‘ವರ್ತ್ ಇಲ್ಲ’ ಎಂದರೆ ಆ ವ್ಯಾಪಾರದಲ್ಲಿ ಹುರುಳಿಲ್ಲ. ಮೊದಲನೆಯದು ಆಟಗಾರನ ಬಗ್ಗೆ, ಎರಡನೆಯದು ಒಪ್ಪಂದದ ಬಗ್ಗೆ ಎನ್ನುವುದು ನನ್ನ ಗ್ರಹಿಕೆ. ಹೊರಗಿನ ಪದ ಬಂದು ಕನ್ನಡದ ವಾಕ್ಯವನ್ನು ಆಳಿತು ಎನ್ನುವವರು ಈ ಚತುರ್ಥಿಗೂ ಈ ಎರಡು ನಿಷೇಧಗಳಿಗೂ ಉತ್ತರ ಹೇಳಬೇಕು.

ಅಮೆರಿಕದ ಫುಟ್‌ಬಾಲಿನಲ್ಲಿ ಹೊಸ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವುದಿಲ್ಲ; ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಚೆಂಡು ಹಿಡಿಯುವ ಚುರುಕಿನ ಹುಡುಗನೊಬ್ಬ ಆ ಸರದಿಗೆ ತಕ್ಕವನೇ ಎಂದು ಅಲ್ಲಿನ ಅಭಿಮಾನಿಗಳು ಜಗಳವಾಡುವಾಗ ಅಳತೆಗೋಲು ಹಣವಲ್ಲ, ಅವನಿಗಾಗಿ ಕೈಬಿಟ್ಟ ಇನ್ನೊಬ್ಬ. ಕನ್ನಡದಲ್ಲಿ ಆ ವಾದ ನಡೆದರೆ ಭಾರವೆಲ್ಲ ‘ಗಿಂತ’ದ ಮೇಲೆ ಬೀಳುತ್ತದೆ. ನಮ್ಮ ಹರಾಜಿನ ವಾದದಲ್ಲಿ ‘ಗೆ’ ಮುಂದಾಳು, ‘ಗಿಂತ’ ಹಿಂಬಾಲಕ: ಆ ಹಣಕ್ಕೆ ಬೇರೆ ಯಾರು ಸಿಕ್ಕರು ಎಂಬ ಮಾತು ಆಮೇಲೆ ಬರುತ್ತದೆ.

ಸಿಕ್ಕವರು ಯಾರು? ಜೋಶ್ ಹೇಜಲ್‌ವುಡ್ 12.5 ಕೋಟಿಗೆ, ಫಿಲ್ ಸಾಲ್ಟ್ 11.5 ಕೋಟಿಗೆ, ಜಿತೇಶ್ ಶರ್ಮಾ 11 ಕೋಟಿಗೆ, ಭುವನೇಶ್ವರ್ ಕುಮಾರ್ 10.75 ಕೋಟಿಗೆ, ಕೃಣಾಲ್ ಪಾಂಡ್ಯ 5.75 ಕೋಟಿಗೆ. ಇವರನ್ನು ಕುರಿತ ಮಾತಿನಲ್ಲಿ ದ್ವಿತೀಯಾ ವಿಭಕ್ತಿ ವರ್ತಿಸುವ ರೀತಿಯೇ ಈ ಚರ್ಚೆಯ ಅತ್ಯಂತ ಫಲವತ್ತಾದ ಜಾಗ.

ಕನ್ನಡದಲ್ಲಿ ನಿರ್ಜೀವ ಕರ್ಮಪದ ಪ್ರತ್ಯಯವಿಲ್ಲದೆಯೂ ಬರಬಲ್ಲದು, ಸಜೀವ ಕರ್ಮಪದ ಪ್ರತ್ಯಯವನ್ನು ಬಿಡಲಾರದು ಎಂದು ವಿವರಣಾತ್ಮಕ ವ್ಯಾಕರಣಗಳು ಹೇಳುತ್ತವೆ. ಜೆಫ್ರಿ ಲಿಡ್ಜ್ ಅವರ 2006ರ ಪ್ರಬಂಧದ ಬಳಿಕ ಈ ಭೇದ ಸೈದ್ಧಾಂತಿಕ ಚರ್ಚೆಗಳಲ್ಲೂ ನೆಲೆಯೂರಿದೆ. ‘ಪುಸ್ತಕ ತಗೊಂಡೆ’, ‘ಪುಸ್ತಕವನ್ನು ತಗೊಂಡೆ’ ಎರಡೂ ಸರಿ. ‘ಹುಡುಗ ಕರೆದೆ’ ಎಂಬುದು ತಪ್ಪು. ಈಗ ಈ ನಾಲ್ಕನ್ನು ನೋಡಿ:

(4) ಒಬ್ಬ ಕೀಪರ್ ತಗೊಬೇಕಿತ್ತು, ತಗೊಂಡ್ರು.
(5) ಡೆತ್ ಬೌಲರ್ ತಗೊಳ್ದೇ ಕಪ್ ಹೆಂಗೆ ಬರತ್ತೆ?
(6) ರಾಹುಲ್‌ನ ತಗೊಬೇಕಿತ್ತು.
(7) ರಾಹುಲ್ ತಗೊಬೇಕಿತ್ತು.

(4) ಮತ್ತು (5)ರಲ್ಲಿ ಕೀಪರ್, ಬೌಲರ್ ಇಬ್ಬರೂ ಮನುಷ್ಯರೇ, ಪ್ರತ್ಯಯವಿಲ್ಲ, ವಾಕ್ಯಕ್ಕೇನೂ ಕೊರತೆಯಿಲ್ಲ. (7) ಮಾತ್ರ ‘ರಾಹುಲ್ ಏನನ್ನೋ ತೆಗೆದುಕೊಳ್ಳಬೇಕಿತ್ತು’ ಎಂದಾಗಿಬಿಡುತ್ತದೆ. ಇದು ಹರಾಜಿನಿಂದ ಹುಟ್ಟಿದ ಕೆಡುಕು, ಮನುಷ್ಯನನ್ನು ಸರಕಾಗಿಸಿದ ಮಾರುಕಟ್ಟೆಯ ಛಾಪು ಎಂದು ಹೇಳಿ ಮುಗಿಸುವುದು ಸುಲಭ. ನಾನು ಹಾಗೆ ಹೇಳಲಾರೆ, ಯಾಕೆಂದರೆ ಕನ್ನಡ ಈ ಕೆಲಸವನ್ನು ಮೊದಲಿಂದ ಮಾಡುತ್ತಿದೆ. ‘ಹೆಣ್ಣು ನೋಡಲು ಹೋದರು’, ‘ಗಂಡು ಹುಡುಕುತ್ತಿದ್ದಾರೆ’, ‘ಗದ್ದೆಗೆ ಆಳು ಕರೆದರು’. ಮದುವೆ ಮತ್ತು ದುಡಿಮೆ ಎರಡೂ ಕಡೆ ಮನುಷ್ಯ ಒಂದು ಖಾಲಿ ಸ್ಥಾನವನ್ನು ತುಂಬುವವನಾಗಿ ಬಂದಾಗ ಪ್ರತ್ಯಯ ಉದುರುತ್ತದೆ. ಆಕೆ ಇಂಥವಳೇ ಎಂದು ಗೊತ್ತಾದೊಡನೆ ‘ಹೆಣ್ಣನ್ನು ನೋಡಿದರು’ ಎಂದಾಗುತ್ತದೆ. ‘ಹೆಣ್ಣು’, ‘ಆಳು’ಗಳು ರೂಪದಲ್ಲಿ ನಪುಂಸಕದಂತೆ ನಡೆಯುವ ಪದಗಳು, ಅದಕ್ಕೇ ಪ್ರತ್ಯಯ ಬೇಡ ಎಂಬ ಆಕ್ಷೇಪ ಬರಬಹುದು. ಆದರೆ ‘ಬೌಲರ್ ಬಂದ’ ಎನ್ನುತ್ತೇವೆ, ‘ಬೌಲರ್ ಬಂತು’ ಎನ್ನುವುದಿಲ್ಲ. ಪುಲ್ಲಿಂಗದಲ್ಲಿ ಹೊಂದಿಕೊಳ್ಳುವ ಪದಕ್ಕೂ (5)ರಲ್ಲಿ ಪ್ರತ್ಯಯವಿಲ್ಲ. ಹಾಗಾಗಿ ನಿಯಮ ಜೀವ–ನಿರ್ಜೀವದ್ದಲ್ಲ, ಸ್ಥಾನ–ವ್ಯಕ್ತಿಯದು ಎಂದು ನನ್ನ ವಾದ. ವ್ಯಾಕರಣಗಳ ‘ಸಜೀವ’ ಎಂಬ ಷರತ್ತನ್ನು ತಿದ್ದಬೇಕಾಗಿದೆ.

ಇಷ್ಟಾದರೆ ‘ಭಾವನೆ ಮತ್ತು ಲೆಕ್ಕಾಚಾರ’ ಎಂಬ ವಿಭಜನೆ ಎಷ್ಟು ಪೊಳ್ಳು ಎಂಬುದೂ ಕಾಣುತ್ತದೆ. ಬೇಡವೆನ್ನುವವನು ಪ್ರತ್ಯಯವಿಲ್ಲದ ನಾಮಪದಗಳಲ್ಲಿ ಮಾತಾಡುತ್ತಾನೆ: ಕೀಪರ್, ಓಪನರ್, ಡೆತ್ ಬೌಲರ್. ಅವನ ಪ್ರಶ್ನೆ ಸ್ಥಾನ ತುಂಬಿತೇ ಎಂಬುದು. ಬೇಕೆನ್ನುವವನು ಪ್ರತ್ಯಯ ಹೊತ್ತ ಹೆಸರಿನಲ್ಲಿ ಮಾತಾಡುತ್ತಾನೆ. ಅವನ ಪ್ರಶ್ನೆ ಈ ವ್ಯಕ್ತಿ ಎಲ್ಲಿರಬೇಕು ಎಂಬುದು. ಇಬ್ಬರೂ ಲೆಕ್ಕ ಹಾಕುತ್ತಿದ್ದಾರೆ, ಇಬ್ಬರಿಗೂ ಭಾವನೆಯಿದೆ. ರಾಹುಲ್ ಕೀಪಿಂಗ್ ಮಾಡಬಲ್ಲ, ಆರಂಭಿಕನಾಗಬಲ್ಲ ಎಂದು ಬೇಕೆನ್ನುವವನೂ ಸ್ಥಾನಗಳ ಲೆಕ್ಕ ಕೊಡುತ್ತಾನೆ. ಕೊಟ್ಟ ಮೇಲೂ ಅವನ ವಾಕ್ಯ (6)ಕ್ಕೇ ಮರಳುತ್ತದೆ.

ಇಲ್ಲಿ ‘ತಗೊ’ ಎಂಬ ಕ್ರಿಯಾಪದವನ್ನು ಗಮನಿಸಬೇಕು. ಪತ್ರಿಕೆಯ ಕನ್ನಡ ‘ಖರೀದಿಸು’ ಎನ್ನುತ್ತದೆ. ಮಾತಿನ ಕನ್ನಡ ಅದನ್ನು ಆಟಗಾರರಿಗೆ ಬಳಸುವುದು ಕಡಿಮೆ. ‘ತಗೊ’ ಅಂಗಡಿಯ ಸಾಮಾನಿಗೂ ಸಲ್ಲುತ್ತದೆ, ಕೆಲಸಕ್ಕೂ ಸಲ್ಲುತ್ತದೆ: ‘ಕಂಪನಿಯವರು ಈ ವರ್ಷ ಹುಡುಗರನ್ನ ತಗೊಳ್ತಿಲ್ಲ’. ಖಾಸಗಿ ಉದ್ದಿಮೆಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2024ರ ಜುಲೈ ತಿಂಗಳಲ್ಲಿ. ಉದ್ಯಮಗಳ ವಿರೋಧ ಎದ್ದು ಎರಡು ದಿನಗಳೊಳಗೆ ಅದನ್ನು ತಡೆಹಿಡಿಯಲಾಯಿತು. 1986ರ ಸರೋಜಿನಿ ಮಹಿಷಿ ವರದಿಯ ಕಾಲದಿಂದ ಬಂದ ಪ್ರಶ್ನೆ ಅದು. ಜೆಡ್ಡಾ ಹರಾಜು ನಡೆದದ್ದು ಅದಾಗಿ ನಾಲ್ಕು ತಿಂಗಳಿಗೆ. ‘ನಮ್ಮವರನ್ನ ತಗೊಬೇಕು’ ಎಂಬ ವಾಕ್ಯ ಜುಲೈನಲ್ಲಿ ಕಾರ್ಖಾನೆಯ ಬಾಗಿಲ ಬಳಿ ಒಂದು ಅರ್ಥದಲ್ಲಿ, ನವೆಂಬರಿನಲ್ಲಿ ಚಹಾದಂಗಡಿಯ ಮುಂದೆ ಇನ್ನೊಂದು ಅರ್ಥದಲ್ಲಿ ಕೇಳಿಬರಬಹುದಾದ ಊರಿದು. ಎರಡನ್ನೂ ಒಂದೇ ಕ್ರಿಯಾಪದ ಹೇಳುತ್ತಿರುವಾಗ ಎರಡನೆಯದನ್ನು ಬರೀ ಆಟದ ಹುಚ್ಚು ಎಂದು ಬದಿಗಿಡುವ ವಿಶ್ಲೇಷಣೆ ಕಿವಿ ಮುಚ್ಚಿಕೊಂಡಂತೆ. ಪ್ರತಿಭೆಗೆ ಊರಿಲ್ಲ ಎಂಬ ಉದ್ಯಮಗಳ ಮಾತು ಮತ್ತು ತಂಡಕ್ಕೆ ಬೇಕಾದವನನ್ನೇ ತೆಗೆದುಕೊಳ್ಳಬೇಕು ಎಂಬ ಅಭಿಮಾನಿಯ ಮಾತು, ಇವೂ ಒಂದೇ ಅಚ್ಚಿನವು. ಒಂದರಲ್ಲಿ ಹೌದೆಂದು ಇನ್ನೊಂದರಲ್ಲಿ ಅಲ್ಲವೆನ್ನುವವರು ಬಹಳ ಮಂದಿ ಇರಬಹುದು. ಅವರನ್ನು ಮಾತನಾಡಿಸುವ ಕ್ಷೇತ್ರಕಾರ್ಯವನ್ನು ಯಾರಾದರೂ ಸಂಶೋಧನಾರ್ಥಿ ಕೈಗೊಳ್ಳಬೇಕು.

ಪತ್ರಿಕೆಯ ಕನ್ನಡದ ಮಾತು ಬಂತು. ಅಲ್ಲಿ ಆಟಗಾರರು ‘ಬಿಕರಿಯಾದರು’, ‘ಮಾರಾಟವಾಗದೆ ಉಳಿದರು’, ‘ಡೆಲ್ಲಿ ಪಾಲಾದರು’. ಸಂತೆಯ ಧಾತು, ಗೌರವದ ಬಹುವಚನ. ಅಕ್ಕಿ ಬಿಕರಿಯಾಗುತ್ತದೆ, ಎತ್ತು ಬಿಕರಿಯಾಗುತ್ತದೆ; ‘ಬಿಕರಿಯಾದರು’ ಎಂಬ ರೂಪಕ್ಕೆ ಹರಾಜಿನ ಸುದ್ದಿಯಾಚೆ ಬಳಕೆ ತೀರ ಅಪರೂಪ. ಮಾತಿನ ಕನ್ನಡ ‘ಹೋದ’, ‘ಬಂದ’ ಎಂದು ಏಕವಚನದಲ್ಲಿ ಹೇಳಿದರೂ ಆಟಗಾರನಿಗೆ ಕಾಲು ಕೊಡುತ್ತದೆ. ಗೌರವ ಯಾವುದರಲ್ಲಿ ಹೆಚ್ಚು ಎಂದು ಓದುಗರೇ ನಿರ್ಧರಿಸಲಿ.

ಇನ್ನು ‘ಬಿಡು’. ‘ರಾಹುಲ್‌ನ ಕೊಳ್ಳಲಿಲ್ಲ’ ಎಂದು ಹೇಳಬಹುದಾದ ಕಡೆ ಬಹುಪಾಲು ಅಭಿಮಾನಿಗಳ ಬಾಯಲ್ಲಿ ಸಹಜವಾಗಿ ಬರುವುದು ‘ಬಿಟ್ಟುಬಿಟ್ರು’. ಕೈಯಲ್ಲಿರುವುದನ್ನು ಮಾತ್ರ ಬಿಡಲು ಸಾಧ್ಯ. ‘ಬಿಡು’ ಎಂಬ ಧಾತು ಮೊದಲೇ ಒಂದು ಒಡೆತನವನ್ನು ಊಹಿಸಿಕೊಂಡಿರುತ್ತದೆ. ‘ಬಿಡಬಾರದಿತ್ತು’ ಎಂದು ನಿಷೇಧಿಸಿದರೂ, ‘ಬಿಟ್ರಾ?’ ಎಂದು ಪ್ರಶ್ನಿಸಿದರೂ ಆ ಊಹೆ ಉಳಿಯುತ್ತದೆ. ಆದರೆ 2024ರ ನವೆಂಬರಿನಲ್ಲಿ ಆರ್‌ಸಿಬಿಯ ಕೈಯಲ್ಲಿ ರಾಹುಲ್ ಇರಲಿಲ್ಲ. ಅವರು 2013ರಲ್ಲಿ ಈ ತಂಡದಿಂದಲೇ ಐಪಿಎಲ್ ಪ್ರವೇಶಿಸಿದರು, ಆಮೇಲೆ ಹೈದರಾಬಾದಿಗೆ ಹೋಗಿ 2016ರಲ್ಲಿ ಮರಳಿದರು. ಆ ಸಾಲಿನಲ್ಲಿ 397 ರನ್ ಗಳಿಸಿದರು. ತಂಡ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಫೈನಲ್ ಪಂದ್ಯವನ್ನು ಹೈದರಾಬಾದಿಗೆ 8 ರನ್‌ಗಳಿಂದ ಸೋತಿತು. 2017ರಲ್ಲಿ ಭುಜದ ಗಾಯದಿಂದ ಆಡಲಿಲ್ಲ. 2018ರ ಹರಾಜಿನಲ್ಲಿ 11 ಕೋಟಿಗೆ ಪಂಜಾಬಿಗೆ, 2022ರಲ್ಲಿ 17 ಕೋಟಿಗೆ ಲಖನೌಗೆ. ‘ಬಿಟ್ಟರು’ ಎಂಬುದು ಸತ್ಯವಾಗಿದ್ದರೆ ಅದು 2018ಕ್ಕೆ ಮುಂಚಿನ ಸತ್ಯ. ಆರು ವರ್ಷ ಹಳೆಯ ಒಡೆತನವನ್ನು ಒಂದು ಸಹಾಯಕ ಕ್ರಿಯಾಪದ ಜೀವಂತವಾಗಿಟ್ಟಿದೆ. ಅದನ್ನು ತಪ್ಪು ಮಾಹಿತಿ ಎಂದು ತಿದ್ದಹೊರಡುವವರು ಮಾತಿನ ಮರ್ಮವನ್ನು ಕಾಣುವುದಿಲ್ಲ: ಆಡುಗ ತಂಡದ ದಾಖಲೆ ಹೇಳುತ್ತಿಲ್ಲ, ಊರಿನ ಹಕ್ಕು ಹೇಳುತ್ತಿದ್ದಾನೆ.

ಈಗ ಶೀರ್ಷಿಕೆಯ ರೂಪಕ್ಕೆ ಬರೋಣ. ‘ಬೇಕು’ ಎಂಬುದು ಕನ್ನಡದಲ್ಲಿ ಬಯಕೆಗೂ ಕರ್ತವ್ಯಕ್ಕೂ ಒಂದೇ. ‘ನಮಗೆ ರಾಹುಲ್ ಬೇಕಿತ್ತು’ ಎಂಬಲ್ಲಿ ಬಯಸುವವನಿಗೆ ಚತುರ್ಥಿ. ‘ಅವರು ರಾಹುಲ್‌ನ ತಗೊಬೇಕಿತ್ತು’ ಎಂಬಲ್ಲಿ ಹೊಣೆ ಹೊತ್ತವನಿಗೆ ಪ್ರಥಮಾ. ಮಾತಿನಲ್ಲಿ ಕರ್ತೃಪದ ಬಿಟ್ಟುಹೋಗುವುದರಿಂದ ‘ತಗೊಬೇಕಿತ್ತು’ ಎಂದಷ್ಟೇ ಕೇಳಿದಾಗ ಹೊಣೆ ಯಾರದು, ಅಗತ್ಯ ಎಲ್ಲಿಂದ ಹುಟ್ಟಿತು ಎಂಬುದು ತೆರೆದೇ ಉಳಿಯುತ್ತದೆ. ಗೆಲುವಿನ ಅಗತ್ಯವೇ? ಊರಿನ ಹುಡುಗನಿಗೆ ಸಲ್ಲಬೇಕಾದ ನ್ಯಾಯವೇ? ನಿಷೇಧದಲ್ಲಿ ಮಾತ್ರ ಭಾಷೆ ಒಡೆದು ಹೇಳುತ್ತದೆ. ‘ತಗೊಬೇಕಿರಲಿಲ್ಲ’ ಎಂದರೆ ಅಗತ್ಯವಿರಲಿಲ್ಲ, ತೆಗೆದುಕೊಂಡಿದ್ದರೂ ತಪ್ಪಾಗುತ್ತಿರಲಿಲ್ಲ. ‘ತಗೊಬಾರದಿತ್ತು’ ಎಂದರೆ ಮಾಡಬಾರದ್ದು. ರಾಹುಲ್ ವಿಷಯದಲ್ಲಿ ಎರಡನೆಯ ರೂಪ ಸಲ್ಲುವುದೇ ಇಲ್ಲ, ಅವರನ್ನು ಕೊಂಡಿರಲಿಲ್ಲವಲ್ಲ. ಬೇಡವೆನ್ನುವವನಿಗೆ ದಕ್ಕುವುದು ಮೊದಲನೆಯ, ಮೆದುವಾದ ನಿಷೇಧ ಮಾತ್ರ. ಬೇಕೆನ್ನುವವನ ‘ಬೇಕಿತ್ತು’ ಗಟ್ಟಿ. ವ್ಯಾಕರಣವೇ ವಾದವನ್ನು ಅಸಮವಾಗಿಸಿದೆ.

2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಡೆಲ್ಲಿಗೆ ಆಡಿದ ರಾಹುಲ್ 53 ಎಸೆತಗಳಲ್ಲಿ ಔಟಾಗದೆ 93 ರನ್ ಗಳಿಸಿ ಆರ್‌ಸಿಬಿಯನ್ನು ಸೋಲಿಸಿದರು. ಆ ಸಾಲಿನಲ್ಲಿ ಅವರ ಒಟ್ಟು ಗಳಿಕೆ 539. ಅತ್ತ ಆರ್‌ಸಿಬಿಯ ಜಿತೇಶ್ ಮೇ 27ರಂದು ಲಖನೌದಲ್ಲಿ 33 ಎಸೆತಗಳಲ್ಲಿ ಔಟಾಗದೆ 85 ಬಾರಿಸಿದರು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಮಣಿಸಿ ತಂಡ ತನ್ನ ಮೊದಲ ಐಪಿಎಲ್ ಕಪ್ ಗೆದ್ದಿತು, ಪಂದ್ಯಶ್ರೇಷ್ಠ ಕೃಣಾಲ್. ಕಪ್ ಬಂದ ಮೇಲೆ ‘ತಗೊಂಡಿದ್ರೆ ಗೆಲ್ತಿದ್ವಿ’ ಎಂಬ ವಾಕ್ಯಕ್ಕೆ ಜಾಗವಿಲ್ಲ. ‘ತಗೊಬೇಕಿತ್ತು’ ಮಾತ್ರ ಸಾಯಲಿಲ್ಲ, ಸಾಯಬೇಕಾದ ಅಗತ್ಯವೂ ಇಲ್ಲ. ಅದರ ಅಗತ್ಯದ ಮೂಲ ಗೆಲುವಾಗಿದ್ದರೆ ಜೂನ್ 3ಕ್ಕೆ ಮುಗಿಯಿತು, ಊರಾಗಿದ್ದರೆ ಮುಗಿಯುವುದಿಲ್ಲ. ಫಲಿತಾಂಶ ವಾದವನ್ನು ತೀರ್ಮಾನಿಸಿತು ಎನ್ನುವ ವಿಶ್ಲೇಷಕರು ಎರಡು ‘ಬೇಕಿತ್ತು’ಗಳನ್ನು ಒಂದೆಂದು ಎಣಿಸಿದ್ದಾರೆ.

ಊರು ಎಂದರೆ ಯಾರದು? ತುಳುವಿನಲ್ಲಿ ಕೇಳುಗರನ್ನು ಒಳಗೊಳ್ಳುವ ‘ನಮ’ ಬೇರೆ, ಹೊರಗಿಡುವ ‘ಎಂಕುಲು’ ಬೇರೆ. ಹವ್ಯಕ ಕನ್ನಡದಲ್ಲೂ ಇಂಥದೇ ಭೇದ ಉಳಿದಿದೆ. ತಮಿಳು, ತೆಲುಗುಗಳಲ್ಲಿಯೂ ಇದೆ. ಇಂದಿನ ಬೆಂಗಳೂರಿನ ಕನ್ನಡದಲ್ಲಿ ಇಲ್ಲ. ‘ನಾವು’ ಒಂದೇ, ‘ನಮ್ಮ’ ಒಂದೇ. ಪೀಣ್ಯದ ಕಾರ್ಖಾನೆಯಲ್ಲಿ ಕನ್ನಡಿಗನೊಬ್ಬ ಪಕ್ಕದ ಯಂತ್ರದ ಒಡಿಯಾ ಗೆಳೆಯನಿಗೆ ‘ರಾಹುಲ್ ನಮ್ಮ ಹುಡುಗ’ ಎಂದರೆ ಆ ಗೆಳೆಯ ಅದರೊಳಗಿದ್ದಾನೆಯೇ, ಹೊರಗಿದ್ದಾನೆಯೇ ಎಂದು ವಾಕ್ಯ ಹೇಳುವುದಿಲ್ಲ. ಅದೇ ಇಬ್ಬರೂ ಕೆಂಪಂಗಿ ತೊಟ್ಟು ‘ಈ ಸಲ ಕಪ್ ನಮ್ದೇ’ ಎಂದು ಕೂಗಿದರೆ ಇಬ್ಬರೂ ಒಳಗೆ. ಕನ್ನಡ ಬಾರದವರ ಬಾಯಲ್ಲೂ ಆ ಘೋಷಣೆ ನಿಂತದ್ದಕ್ಕೆ ಕ್ರಿಯಾಪದವಿಲ್ಲದ ಅದರ ರಚನೆ ಒಂದು ಕಾರಣವಾದರೆ, ಯಾರನ್ನೂ ವಿಂಗಡಿಸದ ಆ ಸರ್ವನಾಮ ಇನ್ನೊಂದು. ‘ನಮ್ಮ ಹುಡುಗ’ ಎಂದು ಗೆರೆ ಎಳೆಯುವ ಪದವೇ ‘ನಮ್ದೇ’ ಎಂದು ಗೆರೆ ಅಳಿಸುತ್ತದೆ. ಅಭಿಮಾನಿ ಒಮ್ಮೆ ಸಂಕುಚಿತ, ಒಮ್ಮೆ ಉದಾರ ಎಂದು ದೂರುವವರು ತುಳುವಿನ ವ್ಯಾಕರಣವನ್ನು ಕನ್ನಡಿಗನ ಮೇಲೆ ಹೇರುತ್ತಿದ್ದಾರೆ. ದೇವದತ್ತ ಪಡಿಕ್ಕಲ್ ಹುಟ್ಟಿದ್ದು ಕೇರಳದಲ್ಲಿ, ಆಡುವುದು ಕರ್ನಾಟಕಕ್ಕೆ. ಅದೇ ಹರಾಜಿನಲ್ಲಿ ಮೊದಲು ಯಾರೂ ಕೇಳದೆ ಉಳಿದು ಆಮೇಲೆ 2 ಕೋಟಿಗೆ ಆರ್‌ಸಿಬಿಗೆ ಬಂದ ಅವರನ್ನು ‘ನಮ್ಮ ಹುಡುಗ’ ಎನ್ನಲು ಯಾರಿಗೂ ತೊಡಕಾಗಲಿಲ್ಲ.

‘ನಮ್ದೇ’ಯ ಕೊನೆಯ ‘ಏ’ ಬೇರೆ ಹಕ್ಕುದಾರರೂ ಇದ್ದಾರೆಂಬ ಸೂಚನೆ. ಅವರಿಗೆಲ್ಲ ಇಲ್ಲ, ನಮಗೇ ಎಂಬ ಅವಧಾರಣೆ. 2024ರ ಮಾರ್ಚ್ 17ರಂದು ಮಹಿಳಾ ತಂಡ ಡಬ್ಲ್ಯೂಪಿಎಲ್ ಗೆದ್ದಾಗ ನಾಯಕಿ ಸ್ಮೃತಿ ಮಂದಾನ, ‘ನಮ್ದೇ’ ಇನ್ನು ‘ನಮ್ದು’ ಆಯಿತು ಎಂಬರ್ಥದಲ್ಲಿ ಮಾತಾಡಿದರು. ಮುಂಬೈಯಲ್ಲಿ ಹುಟ್ಟಿ ಸಾಂಗ್ಲಿಯಲ್ಲಿ ಬೆಳೆದ ಆಟಗಾರ್ತಿ ಕನ್ನಡದ ಅವಧಾರಣೆಯನ್ನು ಕಳಚಿ ತೋರಿಸಿದ್ದು ನಮ್ಮ ತರಗತಿಗಳಿಗೆ ಸಿಕ್ಕ ಒಳ್ಳೆಯ ಉದಾಹರಣೆ. ಕಪ್ ಕೈಗೆ ಬಂದ ಮೇಲೆ ಪ್ರತಿಸ್ಪರ್ಧಿಗಳಿಲ್ಲ, ‘ಏ’ಗೆ ಕೆಲಸವಿಲ್ಲ. ಪುರುಷರ ತಂಡದ ಗೆಲುವಿನ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿಯ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ‘ನಮ್ದು’ ಎನ್ನಲು ಬಂದವರು ಅವರು. ಹೊಣೆಯ ಪ್ರಶ್ನೆ ಎದ್ದಾಗ ಆ ಸರ್ವನಾಮ ಯಾರ ಬಾಯಲ್ಲೂ ಸುಲಭವಾಗಿ ಬರಲಿಲ್ಲ.

ಏಪ್ರಿಲ್ 10ರ ರಾತ್ರಿ ರಾಹುಲ್ ಗೆಲುವಿನ ಹೊಡೆತದ ಬಳಿಕ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಅದರ ನಡುವೆ ಬ್ಯಾಟನ್ನು ಊರಿದರು. ಅದು 2022ರ ‘ಕಾಂತಾರ’ ಚಿತ್ರದಿಂದ ಬಂದದ್ದು, ಈ ನೆಲ ತನ್ನದು ಎಂಬರ್ಥ ಎಂದು ಅವರೇ ಆಮೇಲೆ ವಿವರಿಸಿದರು. ಐದು ತಿಂಗಳು ಅಭಿಮಾನಿಗಳು ಬಹುವಚನದಲ್ಲಿ ನಡೆಸಿದ ವಾದಕ್ಕೆ ಆಟಗಾರ ಏಕವಚನದಲ್ಲಿ ಉತ್ತರ ಕೊಟ್ಟರು: ‘ನಮ್ಮ ಹುಡುಗ’ ಎಂಬುದಕ್ಕೆ ‘ನನ್ನ ನೆಲ’. ಊರು ಆಟಗಾರನ ಒಡೆಯನೇ, ಆಟಗಾರ ಊರಿನ ಒಡೆಯನೇ ಎಂಬ ತಿರುವುಮುರುವು ಷಷ್ಠಿಯ ದಿಕ್ಕು ಬದಲಾದೊಡನೆ ಕಾಣುತ್ತದೆ. ಏಪ್ರಿಲ್ 27ರಂದು ದೆಹಲಿಯಲ್ಲಿ ಆರ್‌ಸಿಬಿ ಗೆದ್ದ ಮೇಲೆ ವಿರಾಟ್ ಕೊಹ್ಲಿ ಅದೇ ವೃತ್ತವನ್ನು ತಮಾಷೆಗೆ ಅನುಕರಿಸಿ ರಾಹುಲ್ ಅವರನ್ನು ಕೆಣಕಿದರು. ದೆಹಲಿಯಲ್ಲಿ ಹುಟ್ಟಿ, 2008ರಿಂದ ಬೆಂಗಳೂರಿಗೇ ಆಡುತ್ತ, ಪೀಣ್ಯದಲ್ಲೂ ವೈಟ್‌ಫೀಲ್ಡಿನಲ್ಲೂ ಪ್ರಶ್ನೆಯೇ ಇಲ್ಲದೆ ‘ನಮ್ಮವ’ನಾದ ಆಟಗಾರ ದೆಹಲಿಯ ನೆಲದ ಮೇಲೆ ಮಾಡಿದ ಆ ಸನ್ನೆಯನ್ನು ಕನ್ನಡದಲ್ಲಿ ‘ನಂದು’ ಎಂದು ಓದಬೇಕೋ ‘ನಮ್ದು’ ಎಂದೋ?